‘ಚೌಕದೊಳಗೆ ನಿಲ್ಲಿಸಿಲ್ಲ, ಪಕ್ಕದ ಪಟ್ಟೆ ಮೇಲೆ ನಿಲ್ಲಿಸಿದ್ದೆ’: ಪಾರ್ಕಿಂಗ್ ದಂಡ ಕಟ್ಟಬೇಕೇ?

ಪ್ರಶ್ನೆ: ನಾನು ಬೆಳಗಾವಿಯ ಶಹಾಪುರದವನು. ತಾಯಿಗೆ ಮೊಣಕಾಲು ನೋವು. ಹೋದ ತಿಂಗಳು ಸ್ಕೂಟಿ ಮೇಲೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಎದುರಿನ ರಸ್ತೆಬದಿ ಪಾರ್ಕಿಂಗ್ ತುಂಬಿತ್ತು. ವೀಲ್‌ಚೇರ್ ಚಿತ್ರ ಬರೆದ ಎರಡು ಕಾರು ಜಾಗಗಳ ಪೈಕಿ ಒಂದು ಖಾಲಿಯೇ ಇತ್ತು, ಆದರೂ ನಾನು ಅಲ್ಲಿ ನಿಲ್ಲಿಸಲಿಲ್ಲ. ಅವೆರಡರ ನಡುವೆ ಓರೆ ಗೆರೆ ಎಳೆದ ಸಣ್ಣ ಜಾಗವಿತ್ತು, ಅಲ್ಲಿ ಸ್ಕೂಟಿ ಇಟ್ಟೆ. ಗೆರೆಗಳೂ ಅರ್ಧ ಅಳಿಸಿಹೋಗಿದ್ದವು. ಕೆಲವು ದಿನದ ಮೇಲೆ ಹೆಂಡತಿಯ ಮೊಬೈಲಿಗೆ ಫೋಟೊ ಸಮೇತ ದಂಡದ ನೋಟಿಸು ಬಂತು, ಗಾಡಿ ಅವಳ ಹೆಸರಿನಲ್ಲಿದೆ. ಅಂಗವಿಕಲರ ಜಾಗದಲ್ಲಿ ನಿಲ್ಲಿಸಿಯೇ ಇಲ್ಲದಿದ್ದರೂ ದಂಡ ಕಟ್ಟಬೇಕೇ? ಕೋರ್ಟಿಗೆ ಹೋದರೆ ಗೆಲ್ಲಬಹುದೇ? ಹೆಂಡತಿಗೆ ಅಥವಾ ನನ್ನ ಲೈಸೆನ್ಸಿಗೆ ತೊಂದರೆ ಆಗುತ್ತದೆಯೇ? ‘ಕಟ್ಟಬೇಡ, ಸರ್ಕಾರ ಅರ್ಧ ರಿಯಾಯಿತಿ ಬಿಡ್ತದ’ ಅಂತ ಗೆಳೆಯರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ದಂಡ ಕಟ್ಟಿಬಿಡಿ. ಗೆರೆ ಅಳಿಸಿದೆ ಎಂಬ ನಿಮ್ಮ ದೂರು ಮಾತ್ರ ನ್ಯಾಯವಾದದ್ದು, ಅದನ್ನು ಬಿಡಬೇಡಿ. ಅದನ್ನು ಕೋರ್ಟಿನಲ್ಲಿ ಹೇಳಿ ಹೆಚ್ಚು ಉಪಯೋಗವಿಲ್ಲ, ಹೇಳಬೇಕಾದ ಜಾಗ ಬೇರೆ ಇದೆ. ಎರಡಕ್ಕೂ ಕಾರಣ ಬಿಡಿಸಿ ಹೇಳುತ್ತೇನೆ.

ಓರೆ ಗೆರೆಯ ಆ ಜಾಗ ಯಾರಿಗೂ ಸೇರದ ಉಳಿಕೆ ಜಾಗ ಎಂದು ನೀವು ತಿಳಿದಿದ್ದೀರಿ. ನೀವೊಬ್ಬರೇ ಅಲ್ಲ, ಬೆಳಗಾವಿಯಲ್ಲಿ ದಿನಾ ನೂರು ಜನ ಹಾಗೆಯೇ ತಿಳಿಯುತ್ತಾರೆ. ಅದರ ಅಗಲ ಒಂದು ಸ್ಕೂಟಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಇರುವುದೂ ಇದಕ್ಕೊಂದು ಕಾರಣ. ಅಂಗವಿಕಲರಿಗೂ ಸುಲಭವಾಗಿ ಬಳಸಲು ಆಗುವಂತೆ ಜಾಗಗಳು ಹೇಗಿರಬೇಕು ಎಂದು ಹೇಳುವ ಕೇಂದ್ರ ಸರ್ಕಾರದ 2021ರ ಸುಗಮ್ಯತಾ ಮಾರ್ಗಸೂಚಿಯ ಪ್ರಕಾರ ಅಂಗವಿಕಲರ ಕಾರು ನಿಲ್ಲುವ ಜಾಗ ಕನಿಷ್ಠ 3.6 ಮೀಟರ್ ಅಗಲ, 5 ಮೀಟರ್ ಉದ್ದ ಇರಬೇಕು. ಈ 3.6 ಮೀಟರಿನಲ್ಲಿ ಕಾರು ನಿಲ್ಲುವುದಕ್ಕೆ 2.4 ಮೀಟರ್. ಉಳಿದ 1.2 ಮೀಟರ್ ಅಗಲವೇ ನೀವು ಕಂಡ ಗೆರೆ ಎಳೆದ ಜಾಗ. ಅಕ್ಕಪಕ್ಕದ ಎರಡು ಜಾಗಗಳು ನಡುವಿನ ಒಂದೇ ಪಟ್ಟೆಯನ್ನು ಹಂಚಿಕೊಳ್ಳುವುದುಂಟು. ನೀವು ವರ್ಣಿಸಿದ್ದು ಅದೇ. ಹಾಗಾಗಿ ನೀವು ನಿಲ್ಲಿಸಿದ್ದು ಅಂಗವಿಕಲರ ಜಾಗದ ಪಕ್ಕದಲ್ಲಿ ಅಲ್ಲ, ಜಾಗದ ಒಳಗೇ. ಎರಡೂ ಕಾರಿನವರಿಗೆ ಒಟ್ಟಿಗೆ ಅಡ್ಡವಾದದ್ದರಿಂದ, ಚಿತ್ರದ ಮೇಲೆ ನಿಲ್ಲಿಸಿದ್ದರೆ ಆಗುತ್ತಿದ್ದ ತೊಂದರೆಗಿಂತ ಇದೇ ಹೆಚ್ಚು.

ಕೈಯಿಂದಲೇ ಬ್ರೇಕು, ಆಕ್ಸಿಲರೇಟರ್ ಹಿಡಿಯುವಂತೆ ಮಾರ್ಪಡಿಸಿದ ಕಾರಿನಿಂದ ಒಬ್ಬರು ಇಳಿಯುವುದನ್ನು ಒಮ್ಮೆ ನಿಂತು ನೋಡಿ. ಮೊದಲು ಬಾಗಿಲನ್ನು ಕೊನೆಯವರೆಗೆ ತೆರೆಯುತ್ತಾರೆ. ನಾವು ಗಣಪತ್ ಗಲ್ಲಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಅರ್ಧ ಬಾಗಿಲಲ್ಲಿ ಇಳಿಯುತ್ತೇವಲ್ಲ, ಆ ಉಪಾಯ ಅವರಿಗಿಲ್ಲ. ಆಮೇಲೆ ಪಕ್ಕದ ಸೀಟಿನಲ್ಲಿಟ್ಟ ವೀಲ್‌ಚೇರಿನ ಚೌಕಟ್ಟನ್ನು ತಮ್ಮ ಎದೆಯ ಮೇಲಿಂದ ದಾಟಿಸಿ ಹೊರಗೆ ನೆಲಕ್ಕಿಡುತ್ತಾರೆ. ಒಂದೊಂದೇ ಗಾಲಿ ಸಿಕ್ಕಿಸಿ, ಕುರ್ಚಿಯನ್ನು ಸೀಟಿಗೆ ತಾಗಿಸಿ, ಅದರ ಬ್ರೇಕು ಹಾಕುತ್ತಾರೆ. ಒಂದು ಕೈ ಕಾರಿನ ಸೀಟಿಗೆ, ಇನ್ನೊಂದು ಕುರ್ಚಿಗೆ ಊರಿ ಮೈಯನ್ನು ಎತ್ತಿ ಆಚೆ ಹಾಕುತ್ತಾರೆ. ಇಷ್ಟೂ ನಡೆಯುವುದು ಆ 1.2 ಮೀಟರಿನಲ್ಲಿ. ಅಲ್ಲಿ ಸ್ಕೂಟಿ ನಿಂತಿದ್ದರೆ ಬಂದವರು ಇಳಿಯದೆ ವಾಪಸ್ ಹೋಗಬಹುದು, ಅದು ಒಂದು ಕಷ್ಟ. ಇಳಿದು ಡಾಕ್ಟರನ್ನು ಕಂಡು ಬರುವಷ್ಟರಲ್ಲಿ ಸ್ಕೂಟಿ ಬಂದು ನಿಂತಿದ್ದರೆ ಕಷ್ಟ ಇನ್ನೂ ದೊಡ್ಡದು. ಸ್ವಂತ ಕಾರು ಎದುರಿಗಿದೆ, ಕೀಲಿ ಕೈಯಲ್ಲಿದೆ, ಹತ್ತಲು ಆಗುವುದಿಲ್ಲ. ಹ್ಯಾಂಡಲ್ ಲಾಕ್ ಆದ ಸ್ಕೂಟಿಯನ್ನು ಕುರ್ಚಿಯಲ್ಲಿ ಕೂತವರು ಸರಿಸುವುದಾದರೂ ಹೇಗೆ?

ನಮ್ಮ ಜಿಲ್ಲೆಯಲ್ಲಿ ಇಂಥ ಕಾರುಗಳಿಗಿಂತ ಹಿಂದೆ ಎರಡು ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರುಗಳೇ ಜಾಸ್ತಿ ಓಡಾಡುತ್ತವೆ. ಸರ್ಕಾರದ ಯೋಜನೆಯಲ್ಲೂ ಅವನ್ನು ಕೊಡುತ್ತಾರೆ. ಅದರಿಂದ ಇಳಿದು ಊರುಗೋಲು ಬಗಲಿಗೆ ಕೊಟ್ಟುಕೊಳ್ಳುವವರಿಗೂ ಅಗಲ ಬೇಕು, ಆಸ್ಪತ್ರೆಯ ಬಾಗಿಲೂ ಹತ್ತಿರ ಬೇಕು. ಇಂಥ ಜಾಗ ಪ್ರವೇಶದ್ವಾರದಿಂದ 30 ಮೀಟರಿನೊಳಗೆ ಇರಬೇಕು ಎಂದು ಮಾರ್ಗಸೂಚಿ ಹೇಳುವುದು ಅದಕ್ಕೇ. ಒಳ್ಳೆಯ ಜಾಗ ಖಾಲಿ ಬಿದ್ದಿದೆ ಎಂದು ನಮಗೆ ಹೊಟ್ಟೆ ಉರಿಯುವುದೂ ಅದೇ 30 ಮೀಟರಿನಿಂದ.

ಈಗ ಕಾನೂನಿಗೆ ಬರೋಣ. ನೋಟಿಸಿನಲ್ಲಿ ಯಾವ ಕಲಂ ನಮೂದಿಸಿದ್ದಾರೆ ಎಂಬುದನ್ನು ಮೊದಲು ನೋಡಿ, ಮೊತ್ತವನ್ನು ಆಮೇಲೆ ನೋಡಿ. ಪಾರ್ಕಿಂಗ್ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಬರುವುದು ಮೋಟಾರು ವಾಹನ ಕಾಯ್ದೆ 1988ರ 122ನೇ ಕಲಂ. ಸಾರ್ವಜನಿಕ ಸ್ಥಳದಲ್ಲಿ ಬೇರೆಯವರಿಗೆ ಅಪಾಯ, ಅಡಚಣೆ ಅಥವಾ ಅನಗತ್ಯ ತೊಂದರೆ ಆಗುವಂತೆ, ಇಲ್ಲವೆ ಆಗುವ ಸಂಭವವಿರುವಂತೆ ವಾಹನ ನಿಲ್ಲಿಸಬಾರದು ಎನ್ನುತ್ತದೆ ಅದು. ‘ಆಗುವ ಸಂಭವ’ ಎಂಬುದನ್ನು ಗಮನಿಸಿ. ನೀವು ನಿಲ್ಲಿಸಿದ ಹೊತ್ತಿನಲ್ಲಿ ಅಂಗವಿಕಲರು ಯಾರಾದರೂ ನಿಜವಾಗಿ ಬಂದಿದ್ದರೇ, ಪರದಾಡಿದರೇ ಎಂಬುದನ್ನು ಪೊಲೀಸರು ಸಾಬೀತು ಮಾಡಬೇಕಿಲ್ಲ. ‘ಆ ಹೊತ್ತಿಗೆ ಯಾರೂ ಇರಲಿಲ್ರೀ’ ಎಂಬ ವಾದ ಇಲ್ಲಿಗೆ ಮುಗಿಯಿತು.

ಇದರ ಜೊತೆಗೆ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಇದೆ. ಎಲ್ಲೆಲ್ಲಿ ವಾಹನ ನಿಲ್ಲಿಸಬಾರದು ಎಂಬ ಉದ್ದನೆಯ ಪಟ್ಟಿ ಅದರಲ್ಲಿದೆ. ಫುಟ್‌ಪಾತ್, ಬಸ್ ನಿಲ್ದಾಣದ ಹತ್ತಿರ, ಆಸ್ಪತ್ರೆಯ ಪ್ರವೇಶ, ಇನ್ನೊಂದು ವಾಹನಕ್ಕೆ ಅಡ್ಡವಾಗುವ ಕಡೆ, ನಿಗದಿತ ಪಾರ್ಕಿಂಗ್ ಜಾಗಕ್ಕೆ ಹೋಗುವ ದಾರಿಗೆ ತಡೆಯಾಗುವ ಕಡೆ, ಹೀಗೆ. ನಿಮ್ಮ ಪ್ರಕರಣಕ್ಕೆ ಈ ಕೊನೆಯ ಎರಡೇ ಸಾಕು. ಗೆರೆ ಎಳೆದದ್ದು ಜಾಗದ ಭಾಗವೇ ಅಲ್ಲ ಎಂದು ವಾದಕ್ಕೆ ಒಪ್ಪಿದರೂ ನೀವು ತಪ್ಪಿಸಿಕೊಳ್ಳುವುದಿಲ್ಲ.

ಮೊತ್ತದ ಬಗ್ಗೆ ಹೇಳುವುದಾದರೆ, 177ನೇ ಕಲಮಿನಡಿ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1500 ರೂಪಾಯಿವರೆಗೆ ದಂಡ. 2019ರ ತಿದ್ದುಪಡಿಗೆ ಮುಂಚೆ ಇದು 100 ಮತ್ತು 300 ಇತ್ತು. ಚಾಲನಾ ನಿಯಮಾವಳಿ ಉಲ್ಲಂಘನೆ ಎಂದು 177ಎ ಹಾಕಿದ್ದರೆ 500ಕ್ಕೆ ಕಡಿಮೆಯಿಲ್ಲದಂತೆ 1000ದವರೆಗೆ. ಸ್ಥಳದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕಟ್ಟುವ ರಾಜಿ ದಂಡದ ಮೊತ್ತವನ್ನು 200ನೇ ಕಲಮಿನಡಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ನಿಗದಿ ಮಾಡುತ್ತದೆ. ಅದನ್ನು ವಸೂಲು ಮಾಡುವ ಅಧಿಕಾರವೂ ಅಧಿಸೂಚಿತ ಅಧಿಕಾರಿಗಳಿಗೆ ಮಾತ್ರ. ರಸೀದಿ ಇಲ್ಲದೆ ಯಾರ ಕೈಗೂ ಒಂದು ರೂಪಾಯಿ ಕೊಡಬೇಡಿ. ರಾಜಿ ದಂಡ ಕಟ್ಟಿದ ಮೇಲೆ ಅದೇ ತಪ್ಪಿಗೆ ಮುಂದೆ ಯಾವ ಕ್ರಮವೂ ಇಲ್ಲ ಎಂದು 200ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಅದು ಕೋರ್ಟು ಕೊಟ್ಟ ಶಿಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಟ್ಟಿದ ಮೇಲೆ ‘ನಂದು ತಪ್ಪಿರಲಿಲ್ಲ’ ಎಂದು ಹಿಂದೆ ಬರುವ ದಾರಿಯೂ ಮುಚ್ಚುತ್ತದೆ.

ಹಾಗಾದರೆ ಕೋರ್ಟು? ಹೋಗುವ ಹಕ್ಕು ನಿಮಗಿದೆ. ದಂಡ ಕಟ್ಟದಿದ್ದರೆ ಪ್ರಕರಣ ಮ್ಯಾಜಿಸ್ಟ್ರೇಟರ (ಜೆಎಂಎಫ್‌ಸಿ) ನ್ಯಾಯಾಲಯಕ್ಕೆ ಹೋಗಬಹುದು, ಸಮನ್ಸ್ ಬರಬಹುದು, ನೀವು ತಪ್ಪೊಪ್ಪಿಕೊಳ್ಳದಿದ್ದರೆ ವಿಚಾರಣೆ. ಅಲ್ಲಿ ನಿಮಗೆ ಇರುವ ಒಂದೇ ಗಟ್ಟಿ ವಾದ ಗುರುತಿನದ್ದು. ಕಾಯ್ದೆಯ 117ನೇ ಕಲಮಿನಡಿ ಪಾರ್ಕಿಂಗ್ ಜಾಗ ಯಾವುದು ಎಂದು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸಬೇಕು, 116ರಡಿ ಅದಕ್ಕೆ ಫಲಕ ಹಾಕಬೇಕು. ನೆಲದ ಮೇಲೆ ಗೆರೆ ಇಲ್ಲ, ಕಂಬದ ಮೇಲೆ ಬೋರ್ಡಿಲ್ಲ, ಕಾಯ್ದಿರಿಸಿದ ಆದೇಶವೂ ಇಲ್ಲ ಎಂದಾದರೆ ವಾಹನ ಸವಾರನಿಗೆ ಗೊತ್ತಾಗುವುದು ಹೇಗೆ ಎಂದು ಖಂಡಿತ ಕೇಳಬಹುದು. ಆದರೆ ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ: ವೀಲ್‌ಚೇರ್ ಚಿತ್ರ ಕಂಡಿತು, ಅದನ್ನು ಬಿಟ್ಟು ಗೆರೆ ಇದ್ದಲ್ಲಿ ನಿಲ್ಲಿಸಿದೆ ಎಂದು. ಅರ್ಧ ಅಳಿಸಿದ ಗೆರೆ ಅಂದರೆ ಅರ್ಧ ಕಾಣುವ ಗೆರೆ. ಪೊಲೀಸರ ಫೋಟೊದಲ್ಲೂ ಅದು ಕಂಡರೆ ನಿಮ್ಮ ವಾದ ಅಲ್ಲಿಗೇ ನಿಲ್ಲುತ್ತದೆ. ವಕೀಲನಾಗಿ ಇದನ್ನು ಹೇಳುವುದು ನನ್ನ ಹೊಟ್ಟೆಪಾಡಿಗೆ ಒಳ್ಳೆಯದಲ್ಲ, ಆದರೂ ಹೇಳುತ್ತೇನೆ: ಇಂಥ ಕೇಸಿಗೆ ನೀವು ನಮಗೆ ಕೊಡುವ ಫೀಸು ದಂಡವನ್ನು ಎಷ್ಟೋ ಸಲ ಮೀರುತ್ತದೆ. ಜೊತೆಗೆ ಪ್ರತಿ ತಾರೀಖಿಗೂ ಕೆಲಸ ಬಿಟ್ಟು ಚನ್ನಮ್ಮ ಸರ್ಕಲ್ ಹತ್ತಿರ ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು, ಅದೂ ನೆನಪಿರಲಿ.

ಯಾರು ಹೋರಾಡಬೇಕು ಎಂದರೆ, ಗಾಡಿ ನಂಬರೇ ತಪ್ಪಾಗಿ ಓದಿಕೊಂಡವರು, ಒಂದೇ ತಪ್ಪಿಗೆ ಎರಡು ನೋಟಿಸು ಪಡೆದವರು, ಫೋಟೊದಲ್ಲಿ ಫಲಕವಾಗಲಿ ಗುರುತಾಗಲಿ ಏನೂ ಕಾಣದವರು, ಮತ್ತು ವಾಹನದಲ್ಲಿ ನಿಜವಾಗಿಯೂ ಅಂಗವಿಕಲರು ಇದ್ದವರು. ಇವರೂ ನೇರ ಕೋರ್ಟಿಗೆ ಹೋಗಬೇಕಿಲ್ಲ. ನೋಟಿಸು ಕೊಟ್ಟ ಸಂಚಾರ ಠಾಣೆಗೆ ದಾಖಲೆ ಸಹಿತ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ನಮ್ಮಲ್ಲಿ ಉತ್ತರ, ದಕ್ಷಿಣ ಎಂದು ಎರಡು ಸಂಚಾರ ಠಾಣೆಗಳಿವೆ. ನಿಮ್ಮದು ಯಾವುದು ಎಂಬುದು ನೋಟಿಸಿನಲ್ಲೇ ಇರುತ್ತದೆ. ತಪ್ಪು ಠಾಣೆಗೆ ಹೋಗಿ ಅರ್ಧ ದಿನ ಕಳೆದುಕೊಳ್ಳಬೇಡಿ.

ಸುಮ್ಮನಿದ್ದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ದಂಡ ಮಾತ್ರ ವಿಧಿಸಬಹುದಾದ ಅಪರಾಧವನ್ನು ಕೋರ್ಟು ಆರು ತಿಂಗಳೊಳಗೆ ವಿಚಾರಣೆಗೆ ಎತ್ತಿಕೊಳ್ಳಬೇಕು ಎಂಬ ಮಿತಿ ಇದೆ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 514. ಇದನ್ನು ಎಲ್ಲೋ ಓದಿ ‘ಆರು ತಿಂಗಳು ಕಳೆದರೆ ಬಿಟ್ಟಿತು’ ಎಂದು ಕೂರುವವರಿದ್ದಾರೆ. ಆದರೆ ಬಾಕಿ ಚಲನ್ ವಾಹನದ ಆನ್‌ಲೈನ್ ದಾಖಲೆಗೆ ಅಂಟಿಕೊಂಡಿರುತ್ತದೆ. ನಾಳೆ ಗಾಡಿ ಮಾರಲು, ಹೆಸರು ಬದಲಿಸಲು ಆರ್‌ಟಿಒ ಕಚೇರಿಗೆ ಹೋದಾಗ ಮೊದಲು ಎದ್ದು ನಿಲ್ಲುವುದು ಅದೇ. ಕೊಳ್ಳಲು ಬಂದವನೂ ಮೊಬೈಲಿನಲ್ಲಿ ನಂಬರ್ ಹಾಕಿ ನೋಡುತ್ತಾನೆ.

ಅರ್ಧ ರಿಯಾಯಿತಿಯ ಮಾತು ಪೂರ್ತಿ ಗಾಳಿಮಾತಲ್ಲ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರಲ್ಲಿ ರಾಜ್ಯ ಸರ್ಕಾರ ಬಾಕಿ ಇ-ಚಲನ್ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತು. ಅದು ಹಳೆಯ ರಾಶಿ ಕರಗಿಸಲು ಮಾಡುವ ಏರ್ಪಾಡು. ಮುಂದಿನದು ಯಾವಾಗ, ಯಾವ ತಾರೀಖಿನವರೆಗಿನ ಚಲನ್‌ಗೆ ಎಂದು ಯಾರೂ ಮುಂಗಡ ಹೇಳಲಾರರು. ಇನ್ನೂರೈವತ್ತು, ಐನೂರು ಉಳಿಸಲು ಹೆಂಡತಿಯ ಹೆಸರಿನ ಗಾಡಿಯ ಮೇಲೆ ಬಾಕಿ ಹೊತ್ತು ತಿರುಗುವುದು ನನಗೆ ಸರಿ ಕಾಣುವುದಿಲ್ಲ.

ಹೆಂಡತಿಯ ವಿಷಯ: ನೋಟಿಸು ನೋಂದಾಯಿತ ಮಾಲೀಕರಿಗೇ ಹೋಗುತ್ತದೆ. ಗಾಡಿ ಓಡಿಸಿದ್ದು ಯಾರು ಎಂದು ಪೊಲೀಸರು ಕೇಳಿದರೆ ಮಾಹಿತಿ ಕೊಡುವುದು 133ನೇ ಕಲಮಿನಡಿ ಮಾಲೀಕರ ಕರ್ತವ್ಯ. ‘ಗಂಡ ಓಡಿಸಿದ್ದರು’ ಎಂದರೆ ಮುಗಿಯಿತು. ನೀವು ದಂಡ ಕಟ್ಟಿಬಿಟ್ಟರೆ ಆ ಪ್ರಶ್ನೆಯೂ ಏಳುವುದಿಲ್ಲ. ಒಂದು ಪಾರ್ಕಿಂಗ್ ದಂಡಕ್ಕೆ ಯಾರ ಲೈಸೆನ್ಸೂ ಹೋಗುವುದಿಲ್ಲ.

ಟೋಯಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ಎತ್ತಿಸಲು, ಗಾಲಿಗೆ ಲಾಕ್ ಹಾಕಿಸಲು 127ನೇ ಕಲಮಿನಡಿ ಅನುಮತಿ ಕೊಡಬಹುದಾದವರು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಎತ್ತಿದ ಖರ್ಚು ಮಾಲೀಕರದು. ಮಾಲ್ ಅಥವಾ ಖಾಸಗಿ ಕಟ್ಟಡದ ಸೆಕ್ಯೂರಿಟಿಯವರು ತಾವೇ ಸರಪಳಿ ಬಿಗಿದು ‘ಫೈನ್’ ಕೇಳಿದರೆ ಅದಕ್ಕೆ ಈ ಕಾಯ್ದೆಯ ಬಲವಿಲ್ಲ.

ಇನ್ನು ತಾಯಿಯವರ ಮೊಣಕಾಲು. ಇಲ್ಲಿ ನಿಮ್ಮ ಬಗ್ಗೆ ಮರುಕವಿದೆ, ಆದರೆ ಕಾನೂನು ವಯಸ್ಸಿನ ನೋವನ್ನೂ ಅಂಗವೈಕಲ್ಯವನ್ನೂ ಒಂದೇ ಎನ್ನುವುದಿಲ್ಲ. ಗೇಟಿನ ಮುಂದೆ ಅವರನ್ನು ಇಳಿಸಿ, ಒಳಗೆ ಕೂರಿಸಿ, ಗಾಡಿಯನ್ನು ದೂರ ನಿಲ್ಲಿಸಿ ಬರುವುದು ಸರಿಯಾದ ಕ್ರಮ. ಇಳಿಸುವಷ್ಟು ಹೊತ್ತು ನಿಲ್ಲುವುದಕ್ಕೂ ಬೀಗ ಹಾಕಿ ಹೋಗುವುದಕ್ಕೂ ವ್ಯತ್ಯಾಸವಿದೆ. ಅವರ ನಡಿಗೆ ನಿಜಕ್ಕೂ ತೀರಾ ಕುಗ್ಗಿದ್ದರೆ ಡಾಕ್ಟರನ್ನು ಕೇಳಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ. ವೈದ್ಯಕೀಯ ತಪಾಸಣೆಯಲ್ಲಿ ಚಲನಾಂಗ ವೈಕಲ್ಯ ಶೇ 40 ಅಥವಾ ಹೆಚ್ಚು ಎಂದು ಬಂದರೆ ಸರ್ಕಾರದ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆ ಮೇಲೆ ಅವರು ಜೊತೆಗಿದ್ದಾಗ ನೀವು ಆ ಜಾಗ ಬಳಸಬಹುದು, ಕಾರ್ಡಿನ ಪ್ರತಿ ಗಾಡಿಯಲ್ಲಿರಲಿ. ಅವರು ಮನೆಯಲ್ಲಿದ್ದು ಕಾರ್ಡು ಮಾತ್ರ ನಿಮ್ಮ ಜೊತೆ ತಿರುಗಿದರೆ ಅದು ದುರ್ಬಳಕೆ. ಅಂತೆಯೇ, ಆ ಜಾಗದಲ್ಲಿ ಇಳಿದವರು ನೋಡಲು ಗಟ್ಟಿಮುಟ್ಟಾಗಿ ಕಂಡರೆ ಜಗಳಕ್ಕೆ ಹೋಗಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸುತ್ತದೆ. ಪಾರ್ಕಿನ್ಸನ್ಸ್, ಹಿಮೋಫಿಲಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್ ಅದರಲ್ಲಿ ಸೇರಿವೆ. ಇವು ದೂರದಿಂದ ಕಾಣುವಂಥವಲ್ಲ.

ಕಡೆಗೆ ನಿಮ್ಮ ನ್ಯಾಯವಾದ ದೂರು. ಬೆಳಗಾವಿಯ ಮಳೆಗಾಲ ರಸ್ತೆಯ ಬಣ್ಣವನ್ನು ಉಳಿಸುವುದಿಲ್ಲ, ಇದು ಎಲ್ಲರಿಗೂ ಗೊತ್ತು, ಬಣ್ಣ ಬಳಿಸುವವರಿಗೂ ಗೊತ್ತು. ಹಾಗಿದ್ದರೆ ಮಳೆ ಮುಗಿದ ಮೇಲೆ ಮತ್ತೆ ಬಳಿಯಬೇಕಲ್ಲವೇ? ಆ ರಸ್ತೆ ಮಹಾನಗರ ಪಾಲಿಕೆಯದಾದರೆ ಪಾಲಿಕೆ ಆಯುಕ್ತರಿಗೆ, ಕ್ಯಾಂಪ್ ಭಾಗದ್ದಾದರೆ ಕಂಟೋನ್ಮೆಂಟ್ ಬೋರ್ಡಿಗೆ ಬರೆಯಿರಿ. ಇಲ್ಲಿ ಒಂದೇ ರಸ್ತೆಯ ಈ ತುದಿ ಒಬ್ಬರದು, ಆ ತುದಿ ಇನ್ನೊಬ್ಬರದು ಆಗಿರುತ್ತದೆ, ಅರ್ಜಿ ಅಲ್ಲಿಂದಿಲ್ಲಿಗೆ ಅಲೆಯುವುದು ಇದರಿಂದಲೇ. ಫೋಟೊ ಲಗತ್ತಿಸಿ, ಮೂರು ಸಂಗತಿ ಕೇಳಿ: ಪಟ್ಟೆ ಮತ್ತೆ ಬಳಿಯುವುದು, ಕಂಬದ ಮೇಲೆ ಫಲಕ ಹಾಕುವುದು, ಮತ್ತು ಪಟ್ಟೆಯ ಬಾಯಿಗೆ ಸ್ಕೂಟಿ ನುಗ್ಗದಂತೆ, ಆದರೆ ವೀಲ್‌ಚೇರ್ ದಾಟುವಂತೆ ಸಣ್ಣ ಗೂಟ ನೆಡುವುದು. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ, ಅಲ್ಲಿ ಕೆಲಸಕ್ಕೆ ಬರುವುದು ಅದೇ. ಗೂಟಗಳ ನಡುವೆ 90 ಸೆಂಟಿಮೀಟರಿಗೆ ಕಡಿಮೆ ಬಿಟ್ಟರೆ ಕುರ್ಚಿ ದಾಟುವುದು ಕಷ್ಟ, ಅದನ್ನೂ ಬರೆಯಿರಿ. ಅಷ್ಟು ಬಿಟ್ಟರೆ ಸ್ಕೂಟಿಯೂ ತೂರುತ್ತದೆ ಎನ್ನುತ್ತೀರಿ, ನಿಜ. ಆದರೆ ಗೂಟ ಕಂಡವನು ‘ಖಾಲಿ ಜಾಗ ಅಂದುಕೊಂಡೆ’ ಎನ್ನಲಾರ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಿ: ಆ ರಸ್ತೆಯಲ್ಲಿ ಪಾರ್ಕಿಂಗ್ ಗೊತ್ತುಪಡಿಸಿದ ಆದೇಶದ ಪ್ರತಿ ಮತ್ತು ಕೊನೆಯ ಸಲ ಗುರುತು ಬಳಿಸಿದ ದಿನಾಂಕ. 30 ದಿನದಲ್ಲಿ ಉತ್ತರಿಸಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು, ಹಾಗಾಗಿ ನಿಮ್ಮ ದಂಡದ ಕಥೆ ಅದರಲ್ಲಿ ಬೇಡ. ಅದಕ್ಕೂ ಬಗ್ಗದಿದ್ದರೆ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು, ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಅವರಿಗಿದೆ. ಈ ಮಾರ್ಗಸೂಚಿಗಳೆಲ್ಲ ಬರೀ ಸಲಹೆ ಎಂದು ಇಲಾಖೆಗಳು ಕೈತೊಳೆದುಕೊಳ್ಳುವುದಕ್ಕೂ ಈಗ ಅವಕಾಶ ಕಡಿಮೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಸುಗಮ್ಯತೆಯ ಮಾನದಂಡಗಳು ಐಚ್ಛಿಕ ಆಗಿರಲಾರವು, ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿದೆ. ನಿಮ್ಮ ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಒಂದು ಸಾಲು ಇರಲಿ, ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ದಂಡ ಕಟ್ಟುವ ಮುಂಚೆ ಇನ್ನೊಂದು. ನೋಟಿಸು ಹೆಂಡತಿಯ ಮೊಬೈಲಿಗೆ ಬಂತು ಎಂದಿದ್ದೀರಿ, ಎಸ್‌ಎಂಎಸ್ಸೋ ವಾಟ್ಸ್ಆ್ಯಪ್ಪೋ ಹೇಳಿಲ್ಲ. ಚಲನ್ ಹೆಸರಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ದಂಧೆ ಜೋರಾಗಿದೆ. ಬಂದ ಲಿಂಕ್ ಒತ್ತದೆ, ಪರಿವಾಹನ್ ಇ-ಚಲನ್ ಜಾಲತಾಣವನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ ನೋಡಿ, ಇಲ್ಲವೆ ಠಾಣೆಗೆ ಹೋಗಿ ಕೇಳಿ. ಈ ಜಾಲತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯುತ್ತದೆ. ಫೈಲ್ ಬಂದಿದ್ದರೆ ತೆರೆಯದೆ ಅಳಿಸಿ. ಈಗಾಗಲೇ ತೆರೆದು ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.